ಮೌನ ಕಾಯುವ ಮೈದಾನ

ಐರ್ಲೆಂಡ್ ದೇಶದ ಪಶ್ಚಿಮದಲ್ಲಿ, ಶಾನನ್ ನದಿಯು ಸಮುದ್ರಮುಖವಾಗಿ ವಿಶಾಲಗೊಳ್ಳುವ ಎಡೆಯಲ್ಲಿ, ಲಿಮರಿಕ್ ನಗರವು ನೆಲೆಗೊಂಡಿದೆ. ಶಾನನ್ ಆ ದೇಶದ ಅತ್ಯಂತ ಉದ್ದವಾದ ನದಿ. ಹದಿಮೂರನೆಯ ಶತಮಾನದ ಆದಿಯಲ್ಲಿ ಕಟ್ಟಿದ ಕಿಂಗ್ ಜಾನ್ ಕೋಟೆಯ ದುಂಡು ಬುರುಜುಗಳು ಅದರ ದಂಡೆಯಲ್ಲಿ ಇಂದಿಗೂ ಗಂಭೀರವಾಗಿ ನಿಂತಿವೆ. ಕೋಟೆಯ ಮಗ್ಗುಲಲ್ಲಿರುವ ಕಲ್ಲಿನ ಸೇತುವೆಯನ್ನು ದಾಟಿದೊಡನೆ ಆಚೆಯ ದಡದಲ್ಲಿ, ಪೀಠವೊಂದರ ಮೇಲೆ ಇರಿಸಿದ ಒರಟು ಬಂಡೆಯ ತುಂಡು ಕಾಣಸಿಗುತ್ತದೆ. 1691ರ ಮುತ್ತಿಗೆಯ ಕೊನೆಯಲ್ಲಿ ಲಿಮರಿಕ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಕಲ್ಲಿನ ಮೇಲೆಯೇ ಎಂಬುದು ಊರವರ ನಂಬಿಕೆ. ಆ ಒಪ್ಪಂದದಲ್ಲಿ ಕ್ಯಾಥೊಲಿಕ್ ಜನರಿಗೆ ಕೊಟ್ಟ ಭರವಸೆಗಳು ಬಹುಬೇಗ ಮುರಿದುಬಿದ್ದವು. ಮುರಿದ ಮಾತಿನ ನೋವು ಊರಿನ ನೆನಪಿನಿಂದ ಮಾಸಿಲ್ಲ.

ಇದೇ ದಡದಲ್ಲಿ ಇನ್ನಷ್ಟು ದೂರ ನಡೆದರೆ, ಸಾಲುಮನೆಗಳ ಸೂರುಗಳ ಮೇಲೆ ಎರಡು ಭಾರಿ ಉಕ್ಕಿನ ಕಮಾನುಗಳು ತಲೆಯೆತ್ತಿ ನಿಂತಿರುವುದು ಕಾಣುತ್ತದೆ. ಅದೇ ಟೋಮಂಡ್ ಪಾರ್ಕ್ ಎಂಬ ರಗ್ಬಿ ಮೈದಾನ. ನಾವು ಈ ಸಲ ಓದುಗರನ್ನು ಕರೆದೊಯ್ಯಬಯಸುವುದು ಅಲ್ಲಿಗೆ. ಆಟದ ಮೈದಾನಕ್ಕೆ ಇಷ್ಟು ಪುಟಗಳೇಕೆ ಎಂದು ಕೆಲವರು ಕೇಳಬಹುದು. ಕಲ್ಲು-ಕಬ್ಬಿಣಗಳಿಗಿಂತ ಹೆಚ್ಚಿನದೊಂದನ್ನು ಆ ಊರಿನ ಜನ ಅಲ್ಲಿ ಕಟ್ಟಿಕೊಂಡಿದ್ದಾರೆ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ರಗ್ಬಿ ನಮ್ಮ ನಾಡಿನ ಹೆಚ್ಚಿನ ಮನೆಗಳಿಗೆ ಅಪರಿಚಿತವಾದ ಆಟ. ಮೊಟ್ಟೆಯಾಕಾರದ ಚೆಂಡು, ಒಂದೊಂದು ಪಕ್ಷದಲ್ಲಿ ಹದಿನೈದು ಮಂದಿ, ಎಂಬತ್ತು ನಿಮಿಷಗಳ ಅವಧಿ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು. ಆದರೆ ಸಂಗಡಿಗನಿಗೆ ಕೈಯಿಂದ ದಾಟಿಸುವಾಗ ಅದನ್ನು ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ‘ಟ್ರೈ’. ಆ ಬಳಿಕ ಇಂಗ್ಲಿಷಿನ ಎಚ್ ಅಕ್ಷರದಂತಿರುವ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒದ್ದರೆ ಹೆಚ್ಚಿನ ಅಂಕಗಳು ದೊರೆಯುತ್ತವೆ. ಹೀಗೆ ಒದೆಯಲು ನಿಂತವನು ಸಾವಿರಾರು ಕಣ್ಣುಗಳ ಮುಂದೆ ಒಬ್ಬಂಟಿ. ಈ ಗಳಿಗೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಐರ್ಲೆಂಡಿನ ಬೇರೆಡೆ ರಗ್ಬಿ ಬಹುಮಟ್ಟಿಗೆ ದುಬಾರಿ ಶುಲ್ಕದ ಶಾಲೆಗಳಲ್ಲಿ ಕಲಿತವರ ಆಟವಾಗಿ ಬೆಳೆಯಿತು. ಲಿಮರಿಕ್ ಇದಕ್ಕೆ ಅಪವಾದ. ಇಲ್ಲಿ ಬಂದರಿನ ಕೂಲಿಯವನೂ ವೈದ್ಯನೂ ವಕೀಲನೂ ಒಂದೇ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡಿದರು. ಎತ್ತರಕ್ಕೆ ಚೆಂಡನ್ನು ಒದ್ದು ಅದರ ಬೆನ್ನಟ್ಟಿ ಎಲ್ಲರೂ ನುಗ್ಗುವ ಒಂದು ತಂತ್ರಕ್ಕೆ ಜಗತ್ತಿನೆಲ್ಲೆಡೆ ‘ಗ್ಯಾರಿಓವನ್’ ಎಂದೇ ಹೆಸರು. ಅದು 1884ರಲ್ಲಿ ಸ್ಥಾಪನೆಗೊಂಡ ಲಿಮರಿಕ್‌ನ ಕ್ಲಬ್ಬಿನ ಹೆಸರು.

ಟೋಮಂಡ್ ಎಂದರೆ ‘ಉತ್ತರ ಮನ್‌ಸ್ಟರ್’ ಎಂದರ್ಥ; ಅದು ಈ ಸೀಮೆಯ ಪ್ರಾಚೀನ ರಾಜ್ಯವೊಂದರ ಹೆಸರು. 1934ರಲ್ಲಿ ಆರಂಭಗೊಂಡ ಈ ಮೈದಾನದ ಒಡೆತನ ಐರಿಷ್ ರಗ್ಬಿ ಫುಟ್‌ಬಾಲ್ ಯೂನಿಯನ್ನಿನದು. ಮನ್‌ಸ್ಟರ್ ಪ್ರಾಂತದ ತಂಡಕ್ಕೂ, ಊರಿನ ಶಾನನ್ ಕ್ಲಬ್ ಮತ್ತು ಯು.ಎಲ್. ಬೊಹೀಮಿಯನ್ ಕ್ಲಬ್ಬುಗಳಿಗೂ ಇದೇ ತವರು. ಬಹುಕಾಲ ಇದು ತೀರ ಸಾಧಾರಣವಾದ ಮೈದಾನವಾಗಿತ್ತು. ಕುಳಿತು ನೋಡುವ ಸ್ಥಳ ಅಲ್ಪ. ಹೆಚ್ಚಿನವರು ಗಾಳಿ ಮಳೆಗೆ ಮೈಯೊಡ್ಡಿ ಕಾಂಕ್ರೀಟು ಮೆಟ್ಟಿಲುಗಳ ಮೇಲೆ ನಿಂತೇ ಆಟ ನೋಡುತ್ತಿದ್ದರು. 2008ರಲ್ಲಿ ಸುಮಾರು 4 ಕೋಟಿ ಯೂರೋ ವೆಚ್ಚದ ನವೀಕರಣ ಮುಗಿಯಿತು. ಪೂರ್ವ ಪಶ್ಚಿಮಗಳಲ್ಲಿ ಎದುರುಬದುರಾಗಿ ಎರಡು ಹೊಸ ಪ್ರೇಕ್ಷಕಾಂಗಣಗಳು ಎದ್ದವು. ಅವುಗಳ ಮೇಲಿರುವ ಕಮಾನುಗಳೇ ದೂರದಿಂದ ಕಾಣುವಂಥವು. ಈಗ ಇಲ್ಲಿ 25,600 ಮಂದಿಗೆ ಸ್ಥಳವಿದೆ. ಆದರೆ ಎರಡು ತುದಿಗಳಲ್ಲಿ ನಿಂತು ನೋಡುವ ಮೆಟ್ಟಿಲುಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

ಈ ಮೈದಾನದ ನಿಜವಾದ ವೈಶಿಷ್ಟ್ಯ ಕಣ್ಣಿಗಿಂತ ಕಿವಿಗೆ ತಿಳಿಯುವಂಥದು. ಪಂದ್ಯದುದ್ದಕ್ಕೂ ಕೆಂಪು ಉಡುಪಿನ ಜನಸ್ತೋಮ ಹಾಡಿ, ಕೂಗಿ ಹುರಿದುಂಬಿಸುತ್ತದೆ. ಯಾರಾದರೊಬ್ಬ ಆಟಗಾರ ಚೆಂಡನ್ನು ನೆಲದ ಮೇಲಿರಿಸಿ ಕಂಬಗಳತ್ತ ಒದೆಯಲು ಸಿದ್ಧನಾದನೆಂದರೆ ಇಡೀ ಮೈದಾನ ಒಮ್ಮೆಲೇ ಸ್ತಬ್ಧವಾಗುತ್ತದೆ. ತನ್ನವನಿಗೆ ಈ ಮೌನ ದೊರೆಯುವುದು ಸಹಜ. ಎದುರಾಳಿಗೂ ಅದೇ ಮೌನ ದೊರೆಯುತ್ತದೆ ಎಂಬುದು ವಿಶೇಷ. ಅವನ ಒದೆತ ಗುರಿ ಮುಟ್ಟಿದರೆ ತಮ್ಮ ತಂಡ ಸೋಲುತ್ತದೆಂದು ತಿಳಿದೂ ಆ ಜನ ಬಾಯಿ ಬಿಡುವುದಿಲ್ಲ. ಗೊತ್ತಿಲ್ಲದೆ ಸದ್ದು ಮಾಡಿದವರನ್ನು ಪಕ್ಕದವರೇ ಮೆಲ್ಲನೆ ಸುಮ್ಮನಾಗಿಸುತ್ತಾರೆ. ಇದನ್ನು ಯಾವ ನಿಯಮಪುಸ್ತಕವೂ ಕಡ್ಡಾಯಗೊಳಿಸಿಲ್ಲ. ಹೊಳೆದಡದ ಕಲ್ಲಿನ ಮೇಲೆ ಸಹಿ ಬಿದ್ದ ಒಪ್ಪಂದ ಮುರಿದ ಊರಿನಲ್ಲಿಯೇ, ಎಲ್ಲಿಯೂ ಬರೆಯದ ಈ ಒಪ್ಪಂದ ತಲೆಮಾರುಗಳಿಂದ ಉಳಿದು ಬಂದಿದೆ.

ಟೋಮಂಡ್ ಪಾರ್ಕಿನ ಕೀರ್ತಿಗೆ ಮೂಲವಾದದ್ದು 1978ರ ಅಕ್ಟೋಬರ್ 31ರ ಮಂಗಳವಾರ. ‘ಆಲ್ ಬ್ಲ್ಯಾಕ್ಸ್’ ಎಂದು ಹೆಸರಾದ ನ್ಯೂಜಿಲೆಂಡ್ ತಂಡ ಆಗ ಪ್ರವಾಸ ಬಂದಿತ್ತು. ಆ ಪ್ರವಾಸದಲ್ಲಿ ಅದು ಐರ್ಲೆಂಡ್, ವೇಲ್ಸ್, ಇಂಗ್ಲೆಂಡ್, ಸ್ಕಾಟ್ಲೆಂಡ್ ನಾಲ್ಕು ರಾಷ್ಟ್ರೀಯ ತಂಡಗಳನ್ನೂ ಮಣಿಸಿತು. ಇಂಥ ತಂಡವನ್ನು ಮನ್‌ಸ್ಟರ್ ಪ್ರಾಂತದ ಹವ್ಯಾಸಿ ಆಟಗಾರರು ಇದೇ ನೆಲದಲ್ಲಿ 12–0 ಅಂತರದಿಂದ ಸೋಲಿಸಿದರು. ಟಾಮ್ ಕೀರ್ನನ್ ಅವರ ತರಬೇತಿನ ಆ ತಂಡಕ್ಕೆ ಕ್ರಿಸ್ಟಿ ಕ್ಯಾಂಟಿಲನ್ ಒಂದು ಟ್ರೈ ಗಳಿಸಿದರು. ಉಳಿದೆಲ್ಲ ಅಂಕಗಳು ಟೋನಿ ವಾರ್ಡ್ ಅವರ ಕಾಲಿನಿಂದ ಬಂದವು. ಆ ಪ್ರವಾಸದಲ್ಲಿ ನ್ಯೂಜಿಲೆಂಡ್ ಸೋತ ಏಕೈಕ ಪಂದ್ಯವಿದು. ಐರ್ಲೆಂಡಿನ ಯಾವುದೇ ತಂಡ ಅವರನ್ನು ಗೆದ್ದದ್ದೂ ಅದೇ ಮೊದಲು. ದೂರದರ್ಶನದಲ್ಲಿ ನೇರ ಪ್ರಸಾರವಿರಲಿಲ್ಲ. ಮೈದಾನದಲ್ಲಿದ್ದವರು ಸುಮಾರು 12,000 ಮಂದಿ. ತಾವು ಅಲ್ಲಿದ್ದೆವೆಂದು ಹೇಳಿಕೊಳ್ಳುವವರು ಮಾತ್ರ ಲಕ್ಷ ಮಂದಿ ಎಂದು ಆ ಊರಿನವರೇ ನಗುತ್ತಾರೆ. ಆ ದಿನವನ್ನು ಕುರಿತು ನಾಟಕವೊಂದು ಕೂಡ ರಚನೆಯಾಗಿ ಜನಪ್ರಿಯವಾಯಿತು.

ಆ ಸಂಭ್ರಮದ ನಡುವೆಯೇ ದುಃಖವೂ ಇತ್ತು. ಗೆದ್ದ ತಂಡದ ನಾಯಕ ಡೋನಲ್ ಕ್ಯಾನಿಫ್. ಪಂದ್ಯದ ದಿನವೇ ಕಾರ್ಕ್ ನಗರದಲ್ಲಿ ಅವರ ತಂದೆ ತೀರಿಕೊಂಡರು. ಮಗನಿಗೆ ಆ ಸುದ್ದಿ ತಿಳಿದದ್ದು ಗೆಲುವಿನ ಬಳಿಕ. ನಾಡೆಲ್ಲ ಹಬ್ಬ ಮಾಡುತ್ತಿದ್ದ ಸಂಜೆ ನಾಯಕನು ತಂದೆಯ ಶೋಕವನ್ನು ಹೊತ್ತು ಹೊರಟರು.

ಮುಂದಿನ ದಶಕಗಳಲ್ಲಿ ಈ ಮೈದಾನವೇ ಕೋಟೆಯಾಯಿತು. 1995ರಲ್ಲಿ ಯೂರೋಪಿನ ಕ್ಲಬ್ ತಂಡಗಳ ಅತ್ಯುನ್ನತ ಪಂದ್ಯಾವಳಿ ಆರಂಭವಾದಂದಿನಿಂದ 2007ರ ಜನವರಿಯಲ್ಲಿ ಲೆಸ್ಟರ್ ತಂಡ ಬಂದು ಗೆಲ್ಲುವವರೆಗೆ, ಆ ಪಂದ್ಯಾವಳಿಯಲ್ಲಿ ಮನ್‌ಸ್ಟರ್ ಇಲ್ಲಿ ಸೋಲನ್ನೇ ಕಾಣಲಿಲ್ಲ. 2003ರ ಜನವರಿ 18ರಂದು ಇಂಗ್ಲೆಂಡಿನ ಗ್ಲಾಸ್ಟರ್ ತಂಡವನ್ನು ನಾಲ್ಕು ಟ್ರೈಗಳೊಡನೆ, 27 ಅಂಕಗಳ ಅಂತರದಿಂದ ಸೋಲಿಸಿದರೆ ಮಾತ್ರ ಮುಂದಿನ ಸುತ್ತು ಎಂಬ ಸ್ಥಿತಿ ಬಂದೊದಗಿತು. ಕೊನೆಯ ಗಳಿಗೆಯಲ್ಲಿ ನಾಲ್ಕನೆಯ ಟ್ರೈ ಬಂತು. ರೋನನ್ ಓಗಾರಾ ಒದೆಯಲು ನಿಂತಾಗ ಮೈದಾನ ಉಸಿರು ಬಿಗಿಹಿಡಿಯಿತು. ಚೆಂಡು ಕಂಬಗಳ ನಡುವೆ ಸಾಗಿತು, ಅಂಕಗಳು 33–6. ಅಂತರ ಸರಿಯಾಗಿ 27!

ನವೀಕೃತ ಮೈದಾನದ ಅಧಿಕೃತ ಆರಂಭಕ್ಕೆ 2008ರ ನವೆಂಬರ್ 18ರಂದು ನ್ಯೂಜಿಲೆಂಡ್ ತಂಡವೇ ಅತಿಥಿಯಾಗಿ ಬಂದಿತು. ಮಾವೊರಿ ಜನರ ಪರಂಪರೆಯ ‘ಹಾಕಾ’ ಎಂಬ ವೀರನೃತ್ಯವನ್ನು ಆ ತಂಡ ಪಂದ್ಯಕ್ಕೆ ಮುನ್ನ ಮಾಡುವುದು ವಾಡಿಕೆ. ಅಂದು ಮನ್‌ಸ್ಟರ್ ಪರ ಆಡುತ್ತಿದ್ದ ನಾಲ್ವರು ನ್ಯೂಜಿಲೆಂಡಿಗರು ಮುಂದೆ ಬಂದು ತಾವೇ ಮೊದಲು ಹಾಕಾ ಮಾಡಿದರು. ಪಂದ್ಯದ ಕೊನೆಯ ನಿಮಿಷಗಳಲ್ಲಿ ಮನ್‌ಸ್ಟರ್ 16–18ರಿಂದ ಸೋತಿತು. ಸೋತರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

1978ರ ಆ ಗೆದ್ದ ತಂಡದಲ್ಲಿ ಬ್ರೆಂಡನ್ ಫೋಲಿ ಎಂಬ ಆಟಗಾರರಿದ್ದರು. ಅವರ ಮಗ ಆಂಟನಿ ಆ ಪಂದ್ಯದ ಹಿಂದಿನ ದಿನವಷ್ಟೇ ಐದು ವರ್ಷ ತುಂಬಿದ್ದ ಬಾಲಕ. ಅದೇ ಬಾಲಕ ಬೆಳೆದು, ತಂದೆಯಂತೆಯೇ ಶಾನನ್ ಕ್ಲಬ್ಬಿಗೂ ಮನ್‌ಸ್ಟರಿಗೂ ಆಡಿ, 8ನೆಯ ಅಂಕಿಯ ಅಂಗಿ ತೊಟ್ಟು, 2006ರಲ್ಲಿ ಯೂರೋಪಿನ ಪ್ರಶಸ್ತಿ ಗೆದ್ದ ತಂಡದ ನಾಯಕನಾದರು. 2014ರಲ್ಲಿ ತಂಡದ ಮುಖ್ಯ ತರಬೇತುದಾರರಾದರು. 2016ರ ಅಕ್ಟೋಬರ್ 16ರಂದು ಪಂದ್ಯಕ್ಕಾಗಿ ಪ್ಯಾರಿಸ್‌ಗೆ ತೆರಳಿದ್ದಾಗ ಹಠಾತ್ತನೆ ನಿಧನರಾದರು. ಆಗ ಅವರ ವಯಸ್ಸು 42. ಶಾನನ್ ದಂಡೆಯ ಕಿಲಲೂ ಗ್ರಾಮದಲ್ಲಿ ಅಂತ್ಯಕ್ರಿಯೆ ನಡೆದ ಮರುದಿನವೇ, ಅಕ್ಟೋಬರ್ 22ರಂದು, ಗ್ಲಾಸ್ಗೋ ತಂಡದೊಡನೆ ಇಲ್ಲಿ ಪಂದ್ಯವಿತ್ತು. 8ನೆಯ ಅಂಕಿಯ ಅಂಗಿಯನ್ನು ಅಂದು ಯಾರೂ ತೊಡಲಿಲ್ಲ. ಆ ಸ್ಥಾನದಲ್ಲಿ ಆಡಿದವರು 24 ಎಂಬ ಅಂಕಿ ಧರಿಸಿದರು. ಆರಂಭದಲ್ಲೇ ಮನ್‌ಸ್ಟರಿನ ಒಬ್ಬ ಆಟಗಾರ ಕೆಂಪು ಚೀಟಿ ಪಡೆದು ಹೊರನಡೆಯಬೇಕಾಯಿತು. ಹದಿನಾಲ್ಕು ಮಂದಿಯೇ ಉಳಿದು ಒಂದು ತಾಸು ಹೋರಾಡಿ 38–17ರಿಂದ ಗೆದ್ದರು.

ಎರಡು ವಾರಗಳ ಬಳಿಕ, ನವೆಂಬರ್ 5ರಂದು, ಅಮೆರಿಕದ ಶಿಕಾಗೋ ನಗರದಲ್ಲಿ ಐರ್ಲೆಂಡ್ ರಾಷ್ಟ್ರೀಯ ತಂಡ ನ್ಯೂಜಿಲೆಂಡನ್ನು ಎದುರಿಸಿತು. ಹಾಕಾದ ಎದುರು ಐರಿಷ್ ಆಟಗಾರರು 8ರ ಆಕಾರದಲ್ಲಿ ನಿಂತು ಅಗಲಿದ ಗೆಳೆಯನನ್ನು ಸ್ಮರಿಸಿದರು. 40–29ರಿಂದ ಗೆದ್ದೂ ಬಿಟ್ಟರು. ಐರ್ಲೆಂಡ್ ರಾಷ್ಟ್ರೀಯ ತಂಡ ನ್ಯೂಜಿಲೆಂಡನ್ನು ಮಣಿಸಿದ್ದು ಅದೇ ಪ್ರಥಮ. ತಂದೆ 1978ರಲ್ಲಿ ಲಿಮರಿಕ್‌ನಲ್ಲಿ ಸಾಧಿಸಿದ್ದನ್ನು, ಮಗನ ನೆನಪಿನಲ್ಲಿ ನಾಡು 38 ವರ್ಷಗಳ ಅನಂತರ ಸಾಧಿಸಿತು.

ಐರ್ಲೆಂಡಿಗೆ ವ್ಯಾಸಂಗಕ್ಕೋ ಉದ್ಯೋಗಕ್ಕೋ ಹೋದ ಮಕ್ಕಳನ್ನು ನೋಡಲು ತೆರಳುವ ಓದುಗರು ಲಿಮರಿಕ್‌ಗೆ ಹೋದರೆ, ಕೋಟೆಯನ್ನೂ ಒಪ್ಪಂದದ ಕಲ್ಲನ್ನೂ ನೋಡಿ ಅಷ್ಟಕ್ಕೇ ಹಿಂದಿರುಗಬಾರದೆಂದು ನಮ್ಮ ಸಲಹೆ. ಪಂದ್ಯವಿರುವ ದಿನವಾದರೆ ಮೊಮ್ಮಕ್ಕಳನ್ನು ಕರೆದುಕೊಂಡು ಟೋಮಂಡ್ ಪಾರ್ಕಿಗೂ ಹೋಗಬೇಕು. ಆಟದ ನಿಯಮಗಳು ಅರ್ಥವಾಗದಿದ್ದರೆ ಚಿಂತೆಯಿಲ್ಲ. ಎದುರಾಳಿ ಒದೆಯಲು ನಿಂತಾಗ ಇಪ್ಪತ್ತೈದು ಸಾವಿರ ಮಂದಿ ತಾವಾಗಿ ಸುಮ್ಮನಾಗುವುದನ್ನು ಮಕ್ಕಳು ಒಮ್ಮೆ ಕೇಳಿದರೆ ಸಾಕು. ಗೌರವವೆಂದರೇನೆಂದು ಅವರಿಗೆ ನಾವು ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ.