ಕೊಟ್ಟಿಗೆಯ ಹಿಂದಿನ ಗಿಡ

ನನ್ನ ತವರು ಸಿದ್ದಾಪುರದ ಕಡೆಯ ಅಡಿಕೆ ತೋಟದ ಮನೆ. ನಾನು ಸಣ್ಣವಳಿದ್ದಾಗ ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಪಕ್ಕ, ಎರಡು ಭಂಗಿ ಗಿಡಗಳಿದ್ದವು. ದನಕ್ಕೆ ಭೇದಿ ಹಿಡಿದರೆ ಅಜ್ಜ ನಾಲ್ಕು ಎಲೆ ಅರೆದು, ಬೆಲ್ಲದಲ್ಲಿ ಉಂಡೆ ಕಟ್ಟಿ ತಿನ್ನಿಸುತ್ತಿದ್ದ. ಮನುಷ್ಯರು ತಿನ್ನುವ ಮಾತು ನಮ್ಮಲ್ಲಿರಲಿಲ್ಲ. ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ ಬಂದ ಗಂಡಸರು ಒಂದು ನಮೂನೆ ನಗುತ್ತಿದ್ದುದು ಮಾತ್ರ ನೆನಪಿದೆ. 1985ರಲ್ಲಿ ಮಾದಕವಸ್ತು ಕಾಯಿದೆ ಬಂತು. ಗಿಡ ಬೆಳೆಸಿದರೆ 5 ವರ್ಷದವರೆಗೂ ಜೈಲು ಎಂದು ಯಾರೋ ಹೇಳಿದ್ದೇ ತಡ, ಅಜ್ಜ ಎರಡನ್ನೂ ಕಿತ್ತು ಗುಂಡಿಗೆ ಹಾಕಿದ.

ಈಗ ಅದೇ ಗಿಡದ ಸುದ್ದಿ ಕ್ಯಾಲಿಫೋರ್ನಿಯಾದಿಂದ ಬಂದಿದೆ. ಅಲ್ಲಿ 2018ರಿಂದ ದೊಡ್ಡವರು ಯಾರು ಬೇಕಾದರೂ ಅಂಗಡಿಯಲ್ಲೇ ಕೊಳ್ಳಬಹುದು. ಅಣ್ಣನ ಮಗಳಿಗೆ ಅಲ್ಲಿ ಕೆಲಸ, ರಾತ್ರಿ ನಿದ್ದೆಯಿಲ್ಲ. ಯಾವುದೋ ಹೈಬ್ರಿಡ್ ತಳಿಯ ಡಬ್ಬಿ ತಂದಿಟ್ಟುಕೊಂಡಿದ್ದಾಳೆ. ಅಮ್ಮನಿಗೆ ಹೇಳದ್ದನ್ನು ನನಗೆ ಹೇಳಿದಳು. ಮಿರ್ಸಿನ್, ಲಿಮೊನಿನ್, ಕ್ಯಾರಿಯೊಫಿಲಿನ್ ಎಂದು ಡಬ್ಬಿಯ ಮೇಲಿನದನ್ನು ಓದಿ, "ಹೆದ್ರಡ ಅತ್ತೆ, ನಮ್ಮನೆ ಕಾಳುಮೆಣಸಲ್ಲಿ ಇಪ್ಪದೇ ಇದ್ರಲ್ಲೂ ಇದ್ದು" ಎಂದಳು.

ಅವಳಂದದ್ದು ಸುಳ್ಳಲ್ಲ. ಇವು ಟರ್ಪೀನುಗಳು, ಗಿಡದ ಪರಿಮಳಕ್ಕೆ ಕಾರಣವಾದವು. ಮೆಣಸಿನ ಪರಿಮಳದಲ್ಲಿ ಕ್ಯಾರಿಯೊಫಿಲಿನ್, ಲಿಂಬೆ ಸಿಪ್ಪೆಯಲ್ಲಿ ಲಿಮೊನಿನ್, ಮಾವಿನಲ್ಲಿ ಮಿರ್ಸಿನ್ ಇರುತ್ತವೆ. ಯಲ್ಲಾಪುರದ ಅಕ್ಕ ಕಳಿಸುವ ಅಪ್ಪೆಮಿಡಿಯ ತೊಟ್ಟು ಮುರಿದಾಗ ಮೂಗಿಗೆ ಬಡಿಯುವುದೂ ಇದೇ ಕುಲದ್ದು. ಆದರೆ ಶಿರಸಿ ಪೇಟೆಯಲ್ಲಿ ಮೆಣಸಿನ ಚೀಲಗಳ ನಡುವೆ ನಿಂತು ಅಮಲೇರಿದವರನ್ನು ನಾನಂತೂ ಕಂಡಿಲ್ಲ!

ಅಮಲು ಬರುವುದು ಟಿಎಚ್‌ಸಿಯಿಂದ. ಅದನ್ನು 1964ರಲ್ಲಿ ಇಸ್ರೇಲಿನ ಮೆಶೂಲಂ ಮತ್ತು ಗಾವೋನಿ ಬೇರ್ಪಡಿಸಿ ತೋರಿಸಿದರು. ಅಮೆರಿಕದ ಪೊಲೀಸರು ಹಿಡಿದ ಮಾಲಿನಲ್ಲಿ ಅದು 1995ರಲ್ಲಿ ಸುಮಾರು ಶೇಕಡಾ 4 ಇದ್ದದ್ದು 2014ಕ್ಕೆ 12 ಆಗಿತ್ತು. ಇವಳ ಡಬ್ಬಿಯಲ್ಲಿ 22! ಅಜ್ಜ ಅರೆಯುತ್ತಿದ್ದುದು ಬರೀ ಎಲೆ. ಸತ್ವವೆಲ್ಲ ಇರುವುದು ಹೆಣ್ಣುಗಿಡದ ಹೂಗೊಂಚಲಿನಲ್ಲಿ. ನಮ್ಮ ಕಾಯಿದೆ ಗಾಂಜಾ ಎನ್ನುವುದೂ ಆ ಗೊಂಚಲನ್ನೇ. ಒಂದು ತಳಿ ಮೈಯನ್ನು ಜಡ ಮಾಡುತ್ತದೆ, ಇನ್ನೊಂದು ಮನಸ್ಸನ್ನು ಚುರುಕು ಮಾಡುತ್ತದೆ, ಹೈಬ್ರಿಡ್ಡಿನಲ್ಲಿ ಎರಡೂ ಉಂಟು ಎಂಬುದು ಅಂಗಡಿಯವರ ಮಾತು. ತಳಿಯ ಹೆಸರು ನೋಡಿ ಪರಿಣಾಮ ಹೇಳಲಾಗದು. ಒಬ್ಬರಿಗೆ ನಿದ್ದೆ ಬಂದರೆ ಇನ್ನೊಬ್ಬರಿಗೆ ಎದೆ ಹೊಡೆದುಕೊಂಡು ಭಯ ಹುಟ್ಟುತ್ತದೆ. ದಿನಾ ಬಳಸಿ ಒಮ್ಮೆಲೇ ಬಿಟ್ಟರೆ ಇದ್ದ ನಿದ್ದೆಯೂ ಕೆಡುತ್ತದೆ. ಅವಳು ನಾಲ್ಕು ತಿಂಗಳಿಂದ ದಿನಾ ಬಳಸುತ್ತಿದ್ದಾಳೆ.

ಮೊದಲು ಡಾಕ್ಟರಿಗೆ ತೋರಿಸು, ದೀಪಾವಳಿಯೊಳಗೆ ಅಮ್ಮನಿಗೆ ನೀನೇ ಹೇಳು, ಇಲ್ಲದಿದ್ದರೆ ನಾನು ಹೇಳುವವಳೇ ಎಂದೆ. ಅತ್ತಿಗೆಗೆ ರಕ್ತದೊತ್ತಡ, ಅದೂ ಒಂದು ಯೋಚನೆ. ಕೂಸು ಹೂಂ ಅಂದಿದ್ದಾಳೆ. ದೀಪಾವಳಿಗೆ ಇನ್ನು ಹದಿನೆಂಟು ದಿನ.