ಎತ್ತಿಡುವುದು

ಓಡಿಸಿ ಹಾಳಾದ ಗಾಡಿಗಳಿಗಿಂತ ನಿಲ್ಲಿಸಿ ಹಾಳಾದ ಗಾಡಿಗಳೇ ಹೆಚ್ಚು ಎಂಬುದು ಮುಲುಂಡಿನ ನಮ್ಮ ಮೆಕ್ಯಾನಿಕ್‌ನ ಸಿದ್ಧಾಂತ. ‘ಸಾಬ್, ಗಾಡಿ ಖಡೀ ಖಡೀ ಖರಾಬ್ ಹೋ ಜಾತೀ ಹೈ’ ಎನ್ನುತ್ತಾನೆ. ಮುಂಬಯಿಯ ಯಾವುದೇ ಸೊಸೈಟಿಯ ಪಾರ್ಕಿಂಗಿಗೆ ಹೋಗಿ ನೋಡಿ, ಮಾತು ನಿಜವೆಂದು ಗೊತ್ತಾಗುತ್ತದೆ. ಕಂಬದ ಹಿಂದೆ, ನೀರಿನ ಪಂಪಿನ ಪಕ್ಕ, ಧೂಳು ಹೊದ್ದು ನಿಂತ ಎರಡಾದರೂ ಗಾಡಿಗಳು ಇರುತ್ತವೆ. ಟಯರು ಚಪ್ಪಟೆಯಾಗಿ ನೆಲಕ್ಕೆ ಅಂಟಿರುತ್ತದೆ. ಯಾರದೆಂದು ಕೇಳಿದರೆ ವಾಚ್‌ಮನ್ ಮೇಲಿನ ಮಹಡಿಯತ್ತ ಕೈ ತೋರಿಸಿ, ‘ಸಾಬ್ ದುಬೈ ಮೇ ಹೈ’ ಎನ್ನುತ್ತಾನೆ. ಇದೇ ಗಾಡಿ ರಸ್ತೆ ಬದಿಯಲ್ಲಿದ್ದರೆ ಮಹಾನಗರಪಾಲಿಕೆಯವರು ನೋಟಿಸು ಅಂಟಿಸಿ, ಕೆಲವು ದಿನ ಬಿಟ್ಟು ಎತ್ತಿಕೊಂಡು ಹೋಗುತ್ತಾರೆ. ಅಂಥವಕ್ಕೆ ಇಲ್ಲಿ ‘ಖಟಾರಾ’ ಎಂದು ಹೆಸರು.

ಈ ಜೂನ್‌ನಲ್ಲಿ ಹದಿನೆಂಟು ತಿಂಗಳ ಕೆಲಸಕ್ಕೆ ನಾನು ನೆದರ್ಲೆಂಡ್ಸಿಗೆ ಹೊರಡುತ್ತಿದ್ದೇನೆ. ನನ್ನ ಹೀರೋ ಇಂಪಲ್ಸ್ ಬೈಕು ಇಲ್ಲೇ ಉಳಿಯುತ್ತದೆ. ಅದು ಖಟಾರಾ ಆಗದಂತೆ ಏನೇನು ಮಾಡಬೇಕು ಎಂಬುದೇ ಈ ಬರಹದ ವಿಷಯ.

ಇಂಪಲ್ಸ್ ಎಂದರೆ ಈಗಿನ ಹುಡುಗರಿಗೆ ಗೊತ್ತಾಗುವುದು ಕಷ್ಟ. ಹೋಂಡಾದಿಂದ ಬೇರೆಯಾದ ಮೇಲೆ ಹೀರೋದವರು 2011ರಲ್ಲಿ ಹೊರತಂದ 150 ಸಿಸಿಯ ಗಾಡಿ ಅದು. ಎತ್ತರದ ಸೀಟು, ಕಡ್ಡಿ ಚಕ್ರ, ಮಣ್ಣು ರಸ್ತೆಗೆಂದೇ ಉದ್ದನೆಯ ಸಸ್ಪೆನ್ಶನ್. ನಮ್ಮ ದೇಶದಲ್ಲಿ ಡರ್ಟ್ ಬೈಕ್ ಎಂದರೆ ಏನೆಂದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ ಡಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯನಾದದ್ದು 2015ರಲ್ಲಿ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಇಂಪಲ್ಸ್ ನಿಂತುಹೋಗಿ, ಅದೇ ವರ್ಷ ಎಕ್ಸ್‌ಪಲ್ಸ್ 200 ಬಂತು. ಹಾಗಾಗಿ ಈಗ ಇದನ್ನು ಮಾರಿದರೆ ಹೊಸದೊಂದು ಶೋರೂಮಿನಲ್ಲಿ ಸಿಗುವುದಿಲ್ಲ. ನಾನು ಇದನ್ನು ಕೊಂಡದ್ದು 2012ರ ದಸರೆಗೆ. ಮುರಬಾಡ, ಮಾಳಶೇಜ್ ಘಾಟ್, ಕರ್ಜತ್ ಕಡೆಯ ಮಣ್ಣು ದಾರಿಗಳೆಲ್ಲ ನನಗೆ ಪರಿಚಯವಾದದ್ದು ಇದರ ಮೇಲೆ. ಲೋಕಲ್ ಟ್ರೇನಿನ ಕಿಟಕಿಯಿಂದ ಕಾಣುವ ಮುಂಬಯಿಯ ಆಚೆಗೆ, ಶಿರಸಿಯ ನಮ್ಮ ಕೆಂಪು ಮಣ್ಣಿನಂಥದೇ ಮಣ್ಣು ಇದೆ ಎಂದು ತೋರಿಸಿಕೊಟ್ಟ ಗಾಡಿ.

ಹೊರಗಡೆ ಹೋಗುವವರು ಸಾಮಾನ್ಯವಾಗಿ ಮಾಡುವ ಏರ್ಪಾಡು ಒಂದಿದೆ. ಕೀಲಿಕೈ ವಾಚ್‌ಮನ್ ಕೈಗೆ ಕೊಟ್ಟು, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಪ್ಪ ಎನ್ನುವುದು. ಗಾಡಿಯ ಮಟ್ಟಿಗೆ ಇದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಪೆಟ್ರೋಲು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿದರೆ ಎಂಜಿನ್, ಸೈಲೆನ್ಸರ್ ಪೂರ್ತಿ ಕಾದು ಆ ಆವಿ ಹೊರಗೆ ಹೋಗುತ್ತದೆ. ಐದೇ ನಿಮಿಷಕ್ಕೆ ಆರಿಸಿದರೆ ಒಳಗೇ ನೀರಾಗಿ ಇಳಿಯುತ್ತದೆ. ಸ್ವಲ್ಪ ಸೈಲೆನ್ಸರಿಗೆ, ಸ್ವಲ್ಪ ಎಂಜಿನ್ ಆಯಿಲಿಗೆ. ಓಡಿಸುವುದಾದರೆ ಸರಿಯಾಗಿ ಓಡಿಸಬೇಕು, ಇಲ್ಲವಾದರೆ ಸರಿಯಾಗಿ ಮಲಗಿಸಬೇಕು.

ಮಲಗಿಸುವ ಕೆಲಸ ಸ್ನಾನದಿಂದ ಶುರು. ಮಣ್ಣಿನಲ್ಲಿ ಓಡಿದ ಗಾಡಿಯ ಮಣ್ಣು ಕಣ್ಣಿಗೆ ಕಾಣುವ ಕಡೆ ಇರುವುದಿಲ್ಲ. ಎಂಜಿನ್ನಿನ ರೆಕ್ಕೆಗಳ ನಡುವೆ, ಸೀಟಿನ ಅಡಿ, ಮಡ್‌ಗಾರ್ಡಿನ ಒಳಮೈ, ಚೈನಿನ ಕವಚದ ಹಿಂದೆ ಗಟ್ಟಿಯಾಗಿ ಕೂತಿರುತ್ತದೆ. ಆ ಮಣ್ಣು ಮಳೆಗಾಲವಿಡೀ ತೇವ ಹಿಡಿದಿಟ್ಟುಕೊಂಡು ತನ್ನ ಅಡಿಯ ಕಬ್ಬಿಣವನ್ನು ತಿನ್ನುತ್ತದೆ. ಜೋರು ಒತ್ತಡದ ನೀರನ್ನು ಚಕ್ರದ ಬೇರಿಂಗಿನ ಕಡೆ ಹೊಡೆಯಬಾರದು, ಗ್ರೀಸು ಹೋಗಿ ನೀರು ಸೇರಿಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್ಷೇ ಸಾಕು. ತೊಳೆದ ಮೇಲೆ ಒಂದು ಸುತ್ತು ದೂರ ಓಡಿಸಿ, ಎಲ್ಲ ಸಂದಿಯ ನೀರೂ ಕಾವಿಗೆ ಆರುವಂತೆ ಮಾಡಬೇಕು. ಆ ಬಿಸಿಯಲ್ಲೇ ಎಂಜಿನ್ ಆಯಿಲ್ ಬದಲಿಸಬೇಕು. ಬಳಸಿದ ಎಣ್ಣೆಯಲ್ಲಿ ಉರಿದ ಇಂಧನದ ಆಮ್ಲ, ತೇವ ಎರಡೂ ಸೇರಿರುತ್ತವೆ. ಓಡುವಾಗ ಅದು ದೊಡ್ಡ ಸಂಗತಿಯಲ್ಲ. ಒಂದೂವರೆ ವರ್ಷ ಬೇರಿಂಗುಗಳ ಮೇಲೆ ಕೂತರೆ ಸಂಗತಿಯೇ.

ಆಮೇಲೆ ಪೆಟ್ರೋಲು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆತದ್ದು. ಎಥನಾಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ. ಸಾಕಷ್ಟು ನೀರು ಕುಡಿದ ಮೇಲೆ ಅದು ಪೆಟ್ರೋಲಿನಿಂದ ಬೇರೆಯಾಗಿ ನೀರಿನೊಂದಿಗೆ ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಇಂಧನ ಹೋಗುವುದೂ ತಳದಿಂದಲೇ. ಟ್ಯಾಂಕಿಗೆ ಉಸಿರಾಟವೂ ಉಂಟು. ಹಗಲು ಕಾದು ಒಳಗಿನ ಗಾಳಿ ಹೊರಹೋಗುತ್ತದೆ, ರಾತ್ರಿ ತಣಿದು ಹೊರಗಿನ ಒದ್ದೆ ಗಾಳಿ ಒಳಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಆ ಗಾಳಿ ಎಷ್ಟು ಒದ್ದೆ ಎಂದು ಹೇಳಬೇಕಿಲ್ಲ. ಎರಡು ಮೂರು ತಿಂಗಳ ಮಾತಾದರೆ ಟ್ಯಾಂಕು ಭರ್ತಿ ಮಾಡಿ, ಅಂಗಡಿಯಲ್ಲಿ ಸಿಗುವ ಫ್ಯುಯೆಲ್ ಸ್ಟೆಬಿಲೈಜರ್ ಬೆರೆಸಿ ಬಿಡಬಹುದು. ಟ್ಯಾಂಕು ತುಂಬಿದ್ದರೆ ಗಾಳಿಗೆ ಜಾಗವೇ ಇರುವುದಿಲ್ಲ. ವರ್ಷ ಮೀರುವ ಮಾತಾದರೆ ಪೂರ್ತಿ ಖಾಲಿ ಮಾಡುವುದೇ ಒಳ್ಳೆಯದು. ನನ್ನದು ಕಾರ್ಬುರೇಟರ್ ಗಾಡಿ. ಟ್ಯಾಂಕು ಬಿಚ್ಚಿ ಬರಿದು ಮಾಡಿ, ಒಳಗೆ ಒಂದು ಲೋಟ ಎಣ್ಣೆ ಹಾಕಿ ಎಲ್ಲ ಕಡೆ ಹರಿಯುವಂತೆ ಹೊರಳಿಸಿ, ಉಳಿದದ್ದನ್ನು ಬಸಿದೆ. ಕಾರ್ಬುರೇಟರಿನ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಅದನ್ನೂ ಖಾಲಿ ಮಾಡಿದೆ. ಅಲ್ಲಿ ಉಳಿದ ಪೆಟ್ರೋಲು ಒಣಗಿ ಅಂಟಾಗಿ, ಸೂಜಿಮೊನೆಯಷ್ಟೇ ಇರುವ ಜೆಟ್ಟಿನ ತೂತುಗಳನ್ನು ಮುಚ್ಚಿಬಿಡುತ್ತದೆ. ತೆಗೆದ ಪೆಟ್ರೋಲು ಅದೇ ಸಂಜೆ ಪಕ್ಕದ ಮನೆಯ ಸ್ಕೂಟರಿಗೆ ಹೋಯಿತು. ಅದನ್ನು ಕ್ಯಾನಿನಲ್ಲಿ ಫ್ಲ್ಯಾಟಿನೊಳಗೆ ಇಟ್ಟುಕೊಳ್ಳಬಾರದು.

ನಂತರ ಎಂಜಿನ್ನಿನ ಒಳಗು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು, ಕೀಲಿ ತೆಗೆದ ಗಾಡಿಯ ಕಿಕ್ಕರನ್ನು ಮೆಲ್ಲಗೆ ನಾಲ್ಕಾರು ಸಲ ಒತ್ತಿದರೆ ಸಿಲಿಂಡರಿನ ಗೋಡೆಗೆಲ್ಲ ಎಣ್ಣೆ ಸವರಿದಂತಾಗುತ್ತದೆ. ಮತ್ತೆ ಪ್ಲಗ್ ಹಾಕಿ, ಕಿಕ್ಕರು ಬಿಗಿಯಾಗಿ ಎದುರೊತ್ತುವ ಜಾಗದಲ್ಲಿ ನಿಲ್ಲಿಸಬೇಕು. ಆಗ ಎರಡೂ ವಾಲ್ವುಗಳು ಮುಚ್ಚಿರುತ್ತವೆ, ಹೊರಗಿನ ಗಾಳಿಗೆ ದಾರಿ ಇರುವುದಿಲ್ಲ. ಚೈನನ್ನು ಡೀಸೆಲ್ಲಿನಲ್ಲಿ ತಿಕ್ಕಿ, ಒರೆಸಿ, ಗೇರ್ ಆಯಿಲ್ ಬಿಡಬೇಕು. ಸೈಲೆನ್ಸರಿನ ಬಾಯಿಗೂ ಗಾಳಿ ಎಳೆಯುವ ಬಾಯಿಗೂ ಎಣ್ಣೆ ಬಟ್ಟೆ ತುರುಕಬೇಕು. ಇದು ತೇವಕ್ಕಿಂತ ಹೆಚ್ಚಾಗಿ ಮುಂಬಯಿಯ ಇಲಿಗಳಿಗೆ. ಏರ್ ಫಿಲ್ಟರಿನ ಡಬ್ಬಿಯಷ್ಟು ಬೆಚ್ಚನೆಯ ಬಾಣಂತಿ ಕೋಣೆ ಅವಕ್ಕೆ ಬೇರೆ ಸಿಗಲಾರದು. ಬ್ಯಾಟರಿಯನ್ನು ಗಾಡಿಯಲ್ಲಿ ಬಿಟ್ಟರೆ ತಾನಾಗಿಯೇ ಇಳಿದು, ಒಳಗೆ ಸಲ್ಫೇಟು ಕಟ್ಟಿ ಸಾಯುತ್ತದೆ. ಆಗಾಗ ಚಾರ್ಜ್ ಮಾಡುವವರಿಲ್ಲದಿದ್ದರೆ ಬಳಸುವವರಿಗೆ ಕೊಟ್ಟುಬಿಡುವುದೇ ಸರಿ. ನನ್ನದು ಮೆಕ್ಯಾನಿಕ್‌ಗೆ ಹೋಯಿತು.

ಇಷ್ಟೆಲ್ಲ ಮಾಡುವಾಗ ನನಗೆ ನೆನಪಾದದ್ದು ಯಾವ ಕೈಪಿಡಿಯೂ ಅಲ್ಲ, ನಮ್ಮ ಮನೆಯ ಅಡುಗೆಮನೆಯ ಮಾಡು. ಮಳೆಗಾಲಕ್ಕೆಂದು ಎತ್ತಿಟ್ಟ ಮೊಗೆಕಾಯಿಗಳು ಅಲ್ಲಿ ಬಾಳೆನಾರಿನಲ್ಲಿ ಒಂದೊಂದೇ ಪ್ರತ್ಯೇಕವಾಗಿ ತೂಗುತ್ತಿದ್ದವು. ಒಂದಕ್ಕೊಂದು ತಾಗಬಾರದು, ನೆಲಕ್ಕೂ ತಾಗಬಾರದು. ತಾಗಿದಲ್ಲಿ ಕೊಳೆಯುತ್ತದೆ ಎಂಬುದು ಅಜ್ಜಿಯ ಲೆಕ್ಕ. ಬೈಕಿನ ಚಕ್ರಗಳಿಗೂ ಅದೇ ಲೆಕ್ಕ. ಒಂದೇ ಜಾಗದ ಮೇಲೆ ತಿಂಗಳುಗಟ್ಟಲೆ ಭಾರ ಬಿದ್ದರೆ ಟಯರಿಗೆ ಅಲ್ಲೇ ಪೆಟ್ಟು. ಹಾಗಾಗಿ ಎಂಜಿನ್ನಿನ ಅಡಿಗೆ ಮರದ ದಿಮ್ಮಿ ಕೊಟ್ಟು ಎರಡೂ ಚಕ್ರಗಳನ್ನು ನೆಲದಿಂದ ಎರಡು ಬೆರಳು ಎತ್ತಿದ್ದೇನೆ. ಹೊದಿಕೆಗೂ ಪ್ಲಾಸ್ಟಿಕ್ ಬೇಡ. ಅದರೊಳಗೆ ಗಾಡಿ ಬೆವರುತ್ತದೆ. ಉಸಿರಾಡುವ ಹತ್ತಿ ಬಟ್ಟೆ ಬೇಕು. ಅಪ್ಪನ ಎರಡು ಹಳೆಯ ಪಂಚೆ ಜೋಡಿಸಿ ಹೊಲಿಸಿದ್ದು ಸರಿಯಾಗಿ ಹೊಂದಿತು.

ಜಾಗದ ಪ್ರಶ್ನೆ ಮುಂಬಯಿಯಲ್ಲಿ ಬೇರೆಯೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದಾಗ ತಗ್ಗಿನಲ್ಲಿ ನಿಂತಿದ್ದ ಗಾಡಿಗಳಿಗೆ ಯಾವ ಎಣ್ಣೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಬೇಸ್‌ಮೆಂಟು ಬೇಡ, ನಾಲೆಯ ಕಡೆಯ ಮೂಲೆ ಬೇಡ ಎಂದು ಹುಡುಕಿ, ನಮ್ಮ ಕಟ್ಟಡದ ಎತ್ತರದ ಬದಿಯ ಕಂಬವೊಂದನ್ನು ಸೆಕ್ರೆಟರಿಯವರಿಂದ ಲಿಖಿತವಾಗಿ ಪಡೆದೆ. ಕಳೆದ ವರ್ಷ ಮಳೆ ಮೇ 26ಕ್ಕೇ ಬಂದುಬಿಟ್ಟಿತ್ತು, ಅದಕ್ಕೇ ಈ ಸಲ ಎಲ್ಲವನ್ನೂ ಮೇ ಮೊದಲ ಎರಡು ವಾರಗಳಲ್ಲೇ ಮುಗಿಸಿದೆ.

ಎಣ್ಣೆ, ಬಟ್ಟೆ, ದಿಮ್ಮಿಗಳಿಂದ ತಡೆಯಲಾಗದ್ದು ಒಂದು ಉಂಟು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಗಾಡಿ ಓಡಲಿ, ಮಲಗಿರಲಿ, ಆ ಲೆಕ್ಕ ನಿಲ್ಲುವುದಿಲ್ಲ. ನನ್ನ ಗಾಡಿಯದು 2027ರ ಅಕ್ಟೋಬರಿಗೆ ಮುಗಿಯುತ್ತದೆ. ನನ್ನ ಹದಿನೆಂಟು ತಿಂಗಳು ಮುಗಿಯುವುದು ಅದೇ ಡಿಸೆಂಬರಿಗೆ. ನವೀಕರಿಸಿದರೆ ಮತ್ತೆ ಐದು ವರ್ಷ ಸಿಗುತ್ತದೆ, ಆದರೆ ಅದಕ್ಕೆ ಗಾಡಿ ಜೀವಂತವಾಗಿ ಆರ್‌ಟಿಒದ ಮುಂದೆ ನಿಲ್ಲಬೇಕು. ವಿಮೆ ಬೇಕು, ಪಿಯುಸಿ ಬೇಕು, ಪರಿಸರ ತೆರಿಗೆ ಕಟ್ಟಬೇಕು.

ಮಾರಿಬಿಡಿ ಎಂದು ಹೇಳಿದವರು ಹಲವರು. ಅವರ ಮಾತಿನೊಳಗೆ ಇನ್ನೊಂದು ಮಾತು ಇತ್ತು: ಹದಿನೆಂಟು ತಿಂಗಳೆಂದು ಹೋದವರು ಯಾರು ಹದಿನೆಂಟೇ ತಿಂಗಳಿಗೆ ಬಂದಿದ್ದಾರೆ? ಓದುತ್ತಿರುವ ನಿಮಗೂ ಇದು ಹೊಸದಲ್ಲ. ಎರಡು ವರ್ಷಕ್ಕೆಂದು ಮುಂಬಯಿಗೆ ಬಂದವನು ನಾನು. ಈಗ ಹದಿನೇಳು ವರ್ಷ. ಊರಿನಲ್ಲಿ ನಮ್ಮ ಮನೆಯನ್ನು ನಾವು ಮಾರಲೂ ಇಲ್ಲ, ಬಿಡಲೂ ಇಲ್ಲ, ಬರೀ ಬೀಗ ಹಾಕಿದೆವು. ಒಲೆ ಉರಿಯದ ಮನೆಗೆ ಹೊಗೆಯಿಲ್ಲ, ಹೊಗೆಯಿಲ್ಲದ ಮಾಡಿಗೆ ಗೆದ್ದಲು. ಹಂಚು ಒಂದು ಸರಿದರೆ ಮುಂದಿನ ಮಳೆಗಾಲಕ್ಕೆ ಪಕಾಸು ಕೊಳೆಯುತ್ತದೆ. ಬೀಗ ಹಾಕುವುದು ಎತ್ತಿಡುವುದಲ್ಲ. ಎತ್ತಿಟ್ಟದ್ದಕ್ಕೆ ತೆಗೆಯುವ ದಿನವೊಂದು ಇರುತ್ತದೆ. ಮೊಗೆಕಾಯಿಗೆ ಆಷಾಢ, ಬಿತ್ತನೆಯ ಬೀಜಕ್ಕೆ ಮೊದಲ ಮಳೆ.

ಹಾಗಾಗಿ ಗಾಡಿಗೂ ಒಂದು ದಿನ ಗೊತ್ತು ಮಾಡಿದೆ. ಕೆಳಗಿನ ಮಹಡಿಯ ಕುಂದಾಪುರದವರ ಮಗ ಈಗ ಹನ್ನೆರಡನೆಯ ತರಗತಿ. ನಾನು ಮಣ್ಣು ತಿಕ್ಕುವಾಗ ಟಾರ್ಚ್ ಹಿಡಿದವನು, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದವನು ಅವನೇ. ಹದಿನೆಂಟು ತುಂಬಿ ಲೈಸೆನ್ಸ್ ಸಿಗುವುದು ಮುಂದಿನ ವರ್ಷ. ಅದಕ್ಕೆ ಮುಂಚೆ ಗಾಡಿ ಮುಟ್ಟಬಾರದೆಂದು ಅವನ ಅಮ್ಮನ ಕಟ್ಟಪ್ಪಣೆ, ನನ್ನದೂ ಅದೇ. ‘ನೀವು ವಾಪಸ್ ಬರ್ತೀರಿ ಅಲ್ದಾ ಅಂಕಲ್?’ ಎಂದು ಕೇಳಿದ. ಬರುತ್ತೇನೆ ಎಂದು ಸುಲಭವಾಗಿ ಹೇಳಬಹುದಿತ್ತು. ಹೇಳದೆ, ಒಂದು ರಟ್ಟಿನ ಚೀಟಿ ತರಿಸಿ ಅವನ ಎದುರೇ ಬರೆದು ಹ್ಯಾಂಡಲ್ಲಿಗೆ ಕಟ್ಟಿದೆ:

‘ಸೈಲೆನ್ಸರಿನ ಬಾಯಿಯ ಬಟ್ಟೆ ಮೊದಲು ತೆಗೆ. ಏರ್ ಫಿಲ್ಟರಿನ ಕಡೆಯದೂ ಇದೆ. ಟ್ಯಾಂಕಿನಲ್ಲಿ ಎಣ್ಣೆ ಸವರಿದೆ, ಸ್ವಲ್ಪ ಪೆಟ್ರೋಲಿನಲ್ಲಿ ತೊಳೆದು ಚೆಲ್ಲಿ ಆಮೇಲೆ ತುಂಬು. ಎಂಜಿನ್ ಆಯಿಲ್, ಬ್ರೇಕ್ ಫ್ಲುಯಿಡ್ ಬದಲಿಸು. ಬ್ಯಾಟರಿ ಹೊಸದು ಬೇಕು. ಕ್ಲಚ್ ಪ್ಲೇಟು ಅಂಟಿರಬಹುದು. ಎಂಜಿನ್ ಆರಿಸಿಟ್ಟು, ಗೇರಿಗೆ ಹಾಕಿ, ಕ್ಲಚ್ ಹಿಡಿದು ಹಿಂದೆ ಮುಂದೆ ದೂಡು. ಮೊದಲ ಐದು ನಿಮಿಷ ಹೊಗೆ ಬರುತ್ತದೆ, ಹೆದರಬೇಡ. ತೆಗೆಯುವ ದಿನ: 2027, ಚೌತಿ ಕಳೆದ ಮಾರನೆಯ ವಾರ.’

ಆ ವಾರ ನಾನು ರಜೆ ಹಾಕಿ ಬರಬೇಕು. ಆರ್‌ಟಿಒ ಕೆಲಸಕ್ಕೆ ಮಾಲೀಕನೇ ಇದ್ದರೆ ಸಲೀಸು. ಬರಲಾಗದಿದ್ದರೆ ಹೆಸರು ಬದಲಾವಣೆಯ ಫಾರ್ಮ್ 29, 30 ಎರಡಕ್ಕೂ ಸಹಿ ಮಾಡಿ ಅಲ್ಲಿಂದಲೇ ಕಳಿಸುತ್ತೇನೆ, ಗಾಡಿ ಅವನದು. ಇದನ್ನು ಅವನ ಅಪ್ಪ ಅಮ್ಮನ ಎದುರೇ ಹೇಳಿದ್ದೇನೆ. ಹುಡುಗನ ಮುಖ ನೋಡಿದರೆ ನಾನು ಬರಬೇಕೆಂದು ಅವನಿಗೆ ಆಸೆಯೋ, ಬಾರದಿರಲೆಂದೋ, ತಿಳಿಯಲಿಲ್ಲ. ಚೀಟಿ ಮಳೆಗೆ ಒದ್ದೆಯಾಗದಂತೆ ಅದಕ್ಕೊಂದು ಪ್ಲಾಸ್ಟಿಕ್ ಕವರು ಹಾಕಬೇಕು ಎಂದು ಹೇಳಿ, ತಾನೇ ಓಡಿಹೋಗಿ ತಂದ.