ತೆರೆದ ದಫ್ತರ, ಸಿಗದ ಕಾಗದ

ಸರಕಾರಿ ದಾಖಲೆ ಹುಡುಕುವುದೆಂದರೆ ನಮ್ಮವರಿಗೆ ಕೂಡಲೇ ನೆನಪಾಗುವುದು ತಾಲೂಕು ಕಚೇರಿಯ ಮೆಟ್ಟಿಲು, ಧೂಳು ಹಿಡಿದ ಕಡತದ ಕಟ್ಟು ಮತ್ತು 'ನಾಳೆ ಬನ್ನಿ' ಎಂಬ ಮಾತು. ಅಮೆರಿಕದಲ್ಲಿ ಇದೊಂದೂ ಇರಲಾರದು, ಅಲ್ಲಿ ಎಲ್ಲವೂ ಕಂಪ್ಯೂಟರಿನಲ್ಲಿದೆ, ಗುಂಡಿ ಒತ್ತಿದರೆ ಕಾಗದ ಕೈಗೆ ಬರುತ್ತದೆ ಎಂಬ ನಂಬಿಕೆ ಊರಿನಲ್ಲಿ ಬಲವಾಗಿದೆ. ಹಲವು ವರ್ಷಗಳಿಂದ ಶಿಕಾಗೋದಲ್ಲಿ ಬದುಕುತ್ತಿರುವ ನಮ್ಮಿಬ್ಬರಿಗೆ, ಗಂಡನಿಗೂ ಹೆಂಡತಿಗೂ, ಆ ನಂಬಿಕೆಯ ಬಲ ಎಷ್ಟೆಂದು ಗೊತ್ತಾದದ್ದು ಊರಿನಿಂದ ಬಂದ ಒಂದು ಫೋನ್ ಕರೆಯಿಂದ. ಸಂಬಂಧದಲ್ಲಿ ನಮಗೆ ದೊಡ್ಡಮ್ಮನಾಗುವ ಹಿರಿಯರೊಬ್ಬರು ಹೇಳಿದರು: "ಮಕ್ಕಳೇ, ನೀವು ಅಲ್ಲೇ ಇದ್ದೀರಲ್ಲ, ತಮ್ಮನ ಮರಣದ ಕಾಗದ ಒಂದು ತೆಗೆದು ಕಳುಹಿಸಿ."

ಅವರ ತಮ್ಮ 1970ರ ದಶಕದಲ್ಲಿ ಅಮೆರಿಕಕ್ಕೆ ಹೋದವರು. ಮದುವೆಯಾಗಿರಲಿಲ್ಲ. 1998ರ ಚಳಿಗಾಲದಲ್ಲಿ ಇಲ್ಲಿಯೇ ತೀರಿಕೊಂಡರು. ಊರಿನಲ್ಲಿ ತಂದೆಯಿಂದ ಬಂದ ಮೂವತ್ತು ಸೆಂಟ್ಸ್ ಜಾಗದ ಪಹಣಿಯಲ್ಲಿ ಅಕ್ಕನ ಹೆಸರಿನ ಪಕ್ಕದಲ್ಲಿ ತಮ್ಮನ ಹೆಸರೂ ಉಳಿದುಕೊಂಡಿತ್ತು. ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ ಬೇಕು. ಮರಣವಾದದ್ದು ಪರದೇಶದಲ್ಲಿ. ಮನೆಯ ಸೂರು ಸೋರುತ್ತಿದೆ, ಸಾಲ ತೆಗೆದು ರಿಪೇರಿ ಮಾಡಿಸೋಣವೆಂದರೆ ಬ್ಯಾಂಕು ಒಪ್ಪುತ್ತಿಲ್ಲ. ಕಾಗದದಲ್ಲಿ ಇನ್ನೂ ಬದುಕಿರುವ ತಮ್ಮನ ಸಹಿಯಿಲ್ಲದೆ ಎಂಬತ್ತು ದಾಟಿದ ಅಕ್ಕ ತನ್ನದೇ ಜಾಗದಲ್ಲಿ ಅತಿಥಿಯಾಗಿದ್ದರು.

ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದ ಹಾಗೆ. ಶಿಕಾಗೋ ನಗರ ಇರುವುದು ಕುಕ್ ಕೌಂಟಿಯಲ್ಲಿ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 52 ಲಕ್ಷಕ್ಕೂ ಹೆಚ್ಚು. ಲಾಸ್ ಏಂಜಲೀಸ್ ಕೌಂಟಿಯನ್ನು ಬಿಟ್ಟರೆ ಇಡೀ ದೇಶದಲ್ಲಿ ಇದೇ ದೊಡ್ಡದು. ಶಿಕಾಗೋ ಅಲ್ಲದೆ ನೂರಮೂವತ್ತರಷ್ಟು ಸಣ್ಣಪುಟ್ಟ ನಗರಗಳೂ ಹಳ್ಳಿಗಳೂ ಇದರೊಳಗಿವೆ. ಇಷ್ಟು ಜನರ ಬದುಕಿನ ಲೆಕ್ಕ ಒಂದೇ ಕಟ್ಟಡದಲ್ಲಿ, ಒಂದೇ ಅಧಿಕಾರಿಯ ಕೈಯಲ್ಲಿ ಇಲ್ಲ. ಜನನ, ಮದುವೆ, ಮರಣದ ದಾಖಲೆ ಇಡುವವರು ಕೌಂಟಿ ಕ್ಲರ್ಕ್. ಕ್ಲರ್ಕ್ ಎಂದರೆ ಗುಮಾಸ್ತರಲ್ಲ, ಮತದಿಂದ ಆರಿಸಿ ಬರುವ ದೊಡ್ಡ ಅಧಿಕಾರಿ. ಆಸ್ತಿಯ ಕ್ರಯಪತ್ರಗಳಿಗೆ ಬೇರೆಯೇ ರೆಕಾರ್ಡರ್ ಕಚೇರಿ ಇತ್ತು. 2020ರ ಡಿಸೆಂಬರಿನಲ್ಲಿ ಅದನ್ನು ಕ್ಲರ್ಕ್ ಕಚೇರಿಗೆ ಸೇರಿಸಿದರು. ಮದುವೆಯ ಕಾಗದ ಕ್ಲರ್ಕ್ ಬಳಿ ಸಿಕ್ಕರೆ ವಿಚ್ಛೇದನದ ಕಾಗದ ಸಿಗುವುದು ನ್ಯಾಯಾಲಯದ ದಫ್ತರದಲ್ಲಿ. ಉಯಿಲು ಇದ್ದರೆ ಅದೂ ಅಲ್ಲಿಯೇ. ಮನೆಯ ಮೌಲ್ಯ ಕಟ್ಟುವವರು ಅಸೆಸರ್, ತೆರಿಗೆ ವಸೂಲು ಮಾಡುವವರು ಟ್ರೆಷರರ್. ಮನೆಗಳಿಗೂ ನಿವೇಶನಗಳಿಗೂ 14 ಅಂಕಿಗಳ ಒಂದೊಂದು ಸಂಖ್ಯೆ ಇದೆ; ನಮ್ಮ ಸರ್ವೆ ನಂಬರಿನ ಹಾಗೆ ಅದು ಕೈಯಲ್ಲಿದ್ದರೆ ಮಾತ್ರ ಹುಡುಕಾಟ ಸಲೀಸು. ಪೌರತ್ವದ ದಾಖಲೆ ಬೇಕೆಂದರೆ ಕೌಂಟಿಯನ್ನೇ ದಾಟಿ ಕೇಂದ್ರ ಸರಕಾರದ ಬಾಗಿಲಿಗೆ ಹೋಗಬೇಕು. ಯಾವ ಕಾಗದ ಯಾರ ಬಳಿ ಇದೆ ಎಂದು ತಿಳಿದವನಿಗೆ ಇದು ಅರ್ಧ ದಿನದ ಕೆಲಸ, ತಿಳಿಯದವನಿಗೆ ಅರ್ಧ ವರ್ಷದ್ದು.

ತೀರಿಕೊಂಡವರು ಊರಿಗೆ ಬರೆಯುತ್ತಿದ್ದ ಪತ್ರಗಳಲ್ಲಿದ್ದದ್ದು ಪಕ್ಕದ ಡುಪೇಜ್ ಕೌಂಟಿಯ ವಿಳಾಸ. ಆದರೆ ಇಲ್ಲಿ ಮರಣ ದಾಖಲಾಗುವುದು ವಾಸವಿದ್ದ ಕೌಂಟಿಯಲ್ಲಲ್ಲ, ಕೊನೆಯುಸಿರೆಳೆದ ಕೌಂಟಿಯಲ್ಲಿ. ಕೊನೆಯ ದಿನಗಳನ್ನು ಅವರು ಕಳೆದದ್ದು ಶಿಕಾಗೋದ ಆಸ್ಪತ್ರೆಯೊಂದರಲ್ಲಿ ಎಂದು ಅವರ ಹಳೆಯ ಗೆಳೆಯರೊಬ್ಬರಿಂದ ತಿಳಿಯಿತು. ಹಾಗಾಗಿ ಕುಕ್ ಕೌಂಟಿಯ ಕಿಟಕಿಯ ಮುಂದೆ ಸರದಿಯಲ್ಲಿ ನಿಂತೆವು.

ಅಲ್ಲಿ ಎದುರಾದದ್ದು ಹೆಸರಿನ ಸಮಸ್ಯೆ. ಊರಿನ ಪಹಣಿಯಲ್ಲಿ ಅವರ ಹೆಸರು ಮುಗಿಯುವುದು 'ಬ್ಯಾರಿ' ಎಂದು. ಪಾಸ್‌ಪೋರ್ಟಿನಲ್ಲಿ ಬ್ಯಾರಿ ಮಾಯವಾಗಿ ಮೊದಲಿದ್ದ ಮುಹಮ್ಮದ್ ಕೊನೆಗೆ ಹೋಗಿ ಕುಲನಾಮವಾಗಿ ಕೂತಿತ್ತು. ಮುಹಮ್ಮದ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆ ಒಂದೇ ಎರಡೇ? 'ಯು' ಹಾಕುವವರಿದ್ದಾರೆ, 'ಓ' ಹಾಕುವವರಿದ್ದಾರೆ. ನಡುವೆ ಒಂದು 'ಎಂ' ಬರೆಯುವವರೂ ಎರಡು ಬರೆಯುವವರೂ ಇದ್ದಾರೆ. ನಮ್ಮೂರಿನ ಗುಮಾಸ್ತರಂತೂ ಕಾಗದ ಉಳಿಸಲು ನಾಲ್ಕೇ ಅಕ್ಷರದಲ್ಲಿ 'ಮೊಹ್ದ್' ಎಂದು ಮುಗಿಸಿಬಿಡುತ್ತಾರೆ.

ವಲಸಿಗರ ಈ ದೇಶದಲ್ಲಿ ಇಂಥ ತೊಂದರೆ ನಮಗೆ ಮಾತ್ರ ಬಂದದ್ದಲ್ಲ. ಪೋಲೆಂಡಿನಿಂದ, ಐರ್ಲೆಂಡಿನಿಂದ ಬಂದವರ ಹೆಸರುಗಳೂ ಹೀಗೆಯೇ ಚೆದುರಿಹೋಗಿದ್ದವು. ಅದಕ್ಕೆಂದೇ ಅಕ್ಷರದ ಬದಲು ಉಚ್ಚಾರದ ಆಧಾರದಲ್ಲಿ ಹೆಸರು ಜೋಡಿಸುವ 'ಸೌಂಡೆಕ್ಸ್' ಎಂಬ ಪದ್ಧತಿ ಬಂತು. 1918ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಳೆಯ ಜನಗಣತಿ ಮತ್ತು ಪೌರತ್ವದ ಸೂಚಿಗಳನ್ನು ಅದರಂತೆ ಜೋಡಿಸಿದರು. ಮೊದಲ ಅಕ್ಷರವನ್ನು ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಅಂಕಿ ಕೊಡುವುದು ಅದರ ಕ್ರಮ. ನಾವು ಕುತೂಹಲಕ್ಕೆ ಕೂತು ಲೆಕ್ಕ ಹಾಕಿದೆವು. 'ಯು' ಇರಲಿ, 'ಓ' ಇರಲಿ, 'ಎಂ' ಒಂದಿರಲಿ, ಎರಡಿರಲಿ, ಮುಹಮ್ಮದ್ ಎಂಬುದಕ್ಕೆ ಬರುವುದು ಒಂದೇ ಗುರುತು, ಎಂ 530. ಆದರೆ ಆ ನಾಲ್ಕಕ್ಷರದ ಮೊಹ್ದ್ ಮಾತ್ರ ಎಂ 300 ಆಗಿ ಬೇರೆ ಪೆಟ್ಟಿಗೆಗೆ ಬೀಳುತ್ತದೆ! ಗುಮಾಸ್ತ ಉಳಿಸಿದ ನಾಲ್ಕು ಅಕ್ಷರಕ್ಕೆ ಮನುಷ್ಯನೇ ಕಳೆದುಹೋಗಬಹುದು. ನಾವು ತಿಳಿದ ಕಾಗುಣಿತಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಮೂರನೆಯದಕ್ಕೆ ದಾಖಲೆ ಸಿಕ್ಕಿತು.

ಸಿಕ್ಕಿತು ಎಂದರೆ ಕೈಗೆ ಬಂತೆಂದು ಅರ್ಥವಲ್ಲ. ಇಲಿನಾಯ್ ರಾಜ್ಯದಲ್ಲಿ ಜನನಕ್ಕೆ 75, ಮದುವೆಗೆ 50, ಮರಣಕ್ಕೆ 20 ವರ್ಷ ತುಂಬಿದ ಮೇಲೆ ಆ ದಾಖಲೆಗಳನ್ನು ವಂಶಾವಳಿ ಹುಡುಕುವವರಿಗೆ ಕೊಡುತ್ತಾರೆ. ಆದರೆ ಆ ಪ್ರತಿಯ ಮೇಲೆ ವಂಶಾವಳಿಯ ಉದ್ದೇಶಕ್ಕೆ ಮಾತ್ರ ಎಂಬ ಮುದ್ರೆ ಇರುತ್ತದೆ. ಅದನ್ನು ಗೋಡೆಗೆ ತೂಗುಹಾಕಬಹುದು, ಖಾತೆ ಬದಲಾಯಿಸಲಾಗದು. ಕಾನೂನಿಗೆ ಸಲ್ಲುವ ಪ್ರಮಾಣಿತ ಪ್ರತಿ ಬೇಕಿದ್ದರೆ, ಕೇಳುವವರಿಗೆ ಆ ದಾಖಲೆಯಲ್ಲಿ ಸ್ವಂತದ ಅಥವಾ ಆಸ್ತಿಯ ಹಕ್ಕು ಇರಬೇಕು, ಇಲ್ಲವೇ ಅಂಥವರು ಅಧಿಕಾರ ಕೊಟ್ಟ ಪ್ರತಿನಿಧಿಯಾಗಿರಬೇಕು. ದೊಡ್ಡಮ್ಮನ ಅಧಿಕಾರಪತ್ರ, ಪಹಣಿಯ ಇಂಗ್ಲಿಷ್ ಅನುವಾದ, ಗುರುತಿನ ಚೀಟಿಯ ಪ್ರತಿ, ಇವೆಲ್ಲ ಊರಿನಿಂದ ಬರಬೇಕಾಯಿತು. ಕರಾವಳಿಯ ಮೂವತ್ತು ಸೆಂಟ್ಸ್ ಜಾಗದ ಪಹಣಿ ಶಿಕಾಗೋದ ಕಿಟಕಿಯೊಂದರಲ್ಲಿ ಸಾಕ್ಷಿ ಹೇಳಿತು.

ನಿಯಮ ಬಿಗಿಯಾಗಿದೆ ಎಂದು ಬೇಸರಿಸಲು ನಮಗೆ ಮನಸ್ಸಾಗಲಿಲ್ಲ. ಸತ್ತವರ ಹೆಸರಿನಲ್ಲಿ ಸಾಲ ಎತ್ತುವವರು, ಮನೆ ಮಾರುವವರು ಇಲ್ಲೂ ಇದ್ದಾರೆ. ಕೌಂಟಿಯ ಲೆಕ್ಕಪತ್ರ, ಗುತ್ತಿಗೆಗಳ ವಿವರ ಕೇಳಿದರೆ ಇಲಿನಾಯ್ ಮಾಹಿತಿ ಕಾನೂನಿನಂತೆ ಸಾಮಾನ್ಯವಾಗಿ 5 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು; ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅದು 30 ದಿನ. ಸರಕಾರದ ಗುಟ್ಟು ಬೇಗ ತೆರೆಯಬೇಕು, ಮನುಷ್ಯನ ಗುಟ್ಟು ನಿಧಾನವಾಗಿ. ಇದು ನ್ಯಾಯವೇ ಸರಿ.

ಈ ಓಡಾಟದಲ್ಲಿ ಕೌಂಟಿಯ ದಫ್ತರದ ಚರಿತ್ರೆಯೂ ನಮಗೆ ತಿಳಿಯಿತು. 1871ರ ಅಕ್ಟೋಬರಿನಲ್ಲಿ ಶಿಕಾಗೋ ಉರಿದುಹೋಯಿತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಮಂದಿ ಮನೆ ಕಳೆದುಕೊಂಡರು. ನ್ಯಾಯಾಲಯದ ಕಟ್ಟಡದೊಂದಿಗೆ ಕೌಂಟಿಯ ಅಧಿಕೃತ ಆಸ್ತಿ ದಾಖಲೆಗಳೂ ಬೂದಿಯಾದವು. ಯಾವ ಜಾಗ ಯಾರದ್ದೆಂದು ಹೇಳಲು ಸರಕಾರದ ಬಳಿ ಪುಸ್ತಕವೇ ಉಳಿಯಲಿಲ್ಲ. ಕಾಪಾಡಿದ್ದು ಖಾಸಗಿಯವರು. ಆಸ್ತಿ ಕೊಳ್ಳುವವರಿಗಾಗಿ ಕ್ರಯಪತ್ರಗಳ ಸಾರಾಂಶ ಬರೆದಿಡುತ್ತಿದ್ದ ಮೂರು ಸಂಸ್ಥೆಗಳ ನೌಕರರು ಬೆಂಕಿಯ ನಡುವೆ ತಮ್ಮ ಪುಸ್ತಕಗಳಲ್ಲಿ ಸಾಧ್ಯವಾದಷ್ಟನ್ನು ಹೊರಗೆ ಸಾಗಿಸಿದ್ದರು. ಮೂವರ ಪುಸ್ತಕಗಳನ್ನು ಕೂಡಿಸಿದಾಗ ನಗರದ ಹಕ್ಕುಪತ್ರಗಳಿಗೆ ಮತ್ತೆ ಬುಡ ಸಿಕ್ಕಿತು. 1872ರಲ್ಲಿ ಸುಟ್ಟ ದಾಖಲೆಗಳಿಗೆಂದೇ ರಾಜ್ಯ ಒಂದು ಕಾನೂನು ಮಾಡಿತು.

ದಾಖಲೆ ಉಳಿದರೆ ಸಾಲದು, ಅದನ್ನು ತೆರೆದು ಓದುವವರೂ ಬೇಕು. ಇದಕ್ಕೆ ಇದೇ ನಗರದ ಲಾಂಡೇಲ್ ಬಡಾವಣೆ ಸಾಕ್ಷಿ. 1934ರಲ್ಲಿ ಹುಟ್ಟಿದ ಕೇಂದ್ರದ ಗೃಹಸಾಲ ಸಂಸ್ಥೆ ಕರಿಯರ ಬಡಾವಣೆಗಳಲ್ಲಿನ ಸಾಲಕ್ಕೆ ಖಾತರಿ ನೀಡುತ್ತಿರಲಿಲ್ಲ. ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಮನೆ ಬೇಕೆಂಬ ಕರಿಯರು ದಲ್ಲಾಳಿಗಳಿಂದ ಕಂತಿನ ಕರಾರಿನಲ್ಲಿ ಕೊಳ್ಳಬೇಕಾಯಿತು. ಪೂರ್ತಿ ಹಣ ತೀರುವವರೆಗೆ ಹಕ್ಕುಪತ್ರವಿಲ್ಲ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ಕ್ಲೈಡ್ ರಾಸ್ ಎಂಬವರು 1961ರಲ್ಲಿ ಹೀಗೆ 27,500 ಡಾಲರಿಗೆ ಕೊಂಡ ಮನೆಯನ್ನು ದಲ್ಲಾಳಿ ಆರು ತಿಂಗಳ ಹಿಂದೆ ಪಡೆದದ್ದು 12,000 ಡಾಲರಿಗೆ.

ಈ ಮೋಸ ಸಾರ್ವಜನಿಕ ಆಸ್ತಿ ದಾಖಲೆಗಳಲ್ಲಿ ಯಾರು ಬೇಕಾದರೂ ನೋಡುವಂತೆ ಮಲಗಿತ್ತು. 1967-68ರಲ್ಲಿ ಜಾಕ್ ಮ್ಯಾಕ್‌ನಮಾರ ಎಂಬ ಕ್ರೈಸ್ತ ಧರ್ಮಶಿಕ್ಷಣದ ಯುವಕ ಮತ್ತು ಕಾಲೇಜು ವಿದ್ಯಾರ್ಥಿಗಳು ಆ ದಾಖಲೆಗಳ ಮುಂದೆ ಕೂತು, ದಲ್ಲಾಳಿ ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂದು ಮನೆಮನೆಯ ಲೆಕ್ಕ ತೆಗೆದರು. ತನಗೊಬ್ಬನಿಗೇ ಅದೃಷ್ಟ ಕೆಟ್ಟಿದೆ ಎಂದು ನಾಚಿ ಮೌನವಾಗಿದ್ದವರಿಗೆ ಬೀದಿಗೆ ಬೀದಿಯೇ ಮೋಸಹೋಗಿದೆ ಎಂಬುದು ಅಂಕಿಗಳಲ್ಲಿ ಕಾಣಿಸಿತು. 1968ರಲ್ಲಿ ಅವರು ಸಂಘ ಕಟ್ಟಿದರು, ಕಂತು ತಡೆಹಿಡಿದರು. ಮುಂದೆ ನ್ಯಾಯಾಲಯದಲ್ಲಿ ಸೋತರಾದರೂ, ಹೋರಾಟದಿಂದ ನೂರಾರು ಕರಾರುಗಳು ಬದಲಾದವು.

ಲಾಂಡೇಲಿನ ಈ ಕಥೆ ಓದಿದ ಮೇಲೆ ದೊಡ್ಡಮ್ಮನ ಕಾಗದ ನಮಗೆ ಸಣ್ಣ ಕೆಲಸವಾಗಿ ಕಾಣಲಿಲ್ಲ. ದಫ್ತರ ತೆರೆದಿಟ್ಟರೆ ಸರಕಾರದ ಕರ್ತವ್ಯ ಮುಗಿಯಬಹುದು. ಯಾವ ಕಿಟಕಿ, ಯಾವ ಸಂಖ್ಯೆ, ಯಾವ ಕಾಗುಣಿತ ಎಂದು ತಿಳಿದ ಒಬ್ಬ ಜೊತೆಗೆ ನಿಲ್ಲುವವರೆಗೆ ಬಡವನ ಪಾಲಿಗೆ ಅದು ಮುಚ್ಚಿದ ಹಾಗೆಯೇ.

ಪ್ರಮಾಣಿತ ಪ್ರತಿ ಬಂತು. ಅದರ ಮೇಲೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ 'ಅಪೊಸ್ಟಿಲ್' ಎಂಬ ಮುದ್ರೆ ಹಾಕಿಸಿದೆವು. ಭಾರತ 2005ರಲ್ಲಿ ಆ ಒಪ್ಪಂದಕ್ಕೆ ಸೇರಿದ್ದರಿಂದ ಆ ಮುದ್ರೆ ಊರಿನಲ್ಲೂ ಸಲ್ಲುತ್ತದೆ. ಆದರೆ ಪ್ರತಿಯನ್ನು ಓದಿದಾಗ ನಮ್ಮ ಮನಸ್ಸು ಕುಗ್ಗಿತು. ತಂದೆಯ ಹೆಸರು ಎಂಬಲ್ಲಿ 'ತಿಳಿದಿಲ್ಲ' ಎಂದಿತ್ತು, ತಾಯಿಯ ಹೆಸರಿನಲ್ಲೂ ಅದೇ. ಮಾಹಿತಿ ಕೊಟ್ಟವರು ಅವರೊಂದಿಗೆ ಕೋಣೆ ಹಂಚಿಕೊಂಡಿದ್ದ ಬೇರೆ ದೇಶದ ಗೆಳೆಯರು. ಪಾಪ, ಗೊತ್ತಿದ್ದದ್ದನ್ನು ಹೇಳಿದ್ದರು. ಫೋನಿನಲ್ಲಿ ಇದನ್ನು ತಿಳಿಸಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮಪ್ಪ ಯಾರೆಂದು ಊರಿಗೇ ಗೊತ್ತಲ್ಲ ಮಕ್ಕಳೇ" ಎಂದರು.

ಊರಿಗೆ ಗೊತ್ತಿತ್ತು, ಪುಟಕ್ಕೆ ಗೊತ್ತಿರಲಿಲ್ಲ. ಪರದೇಶದಲ್ಲಿ ನಮ್ಮವರೊಬ್ಬರು ತೀರಿಕೊಂಡರೆ ಸ್ನಾನ, ಕಫನ್, ನಮಾಝ್, ದಫನ್ ಎಲ್ಲವನ್ನೂ ಶ್ರದ್ಧೆಯಿಂದ ಮಾಡುತ್ತೇವೆ. ಅದೇ ಹೊತ್ತಿನಲ್ಲಿ ಒಂದು ಫಾರ್ಮ್ ಕೂಡ ತುಂಬುತ್ತಿರುತ್ತದೆ. ಅವಸರದಲ್ಲಿ ಯಾರೋ ಹೇಳಿದ ನಾಲ್ಕು ಮಾತು ಆ ಮನುಷ್ಯನ ಕೊನೆಯ ಚರಿತ್ರೆಯಾಗಿ ಉಳಿಯುತ್ತದೆ. ಅದಕ್ಕೇ ಪರದೇಶದಲ್ಲಿರುವವರಲ್ಲಿ, ಅವರನ್ನು ಕಳುಹಿಸಿದ ಮನೆಯವರಲ್ಲಿ ನಮ್ಮ ವಿನಂತಿ ಇಷ್ಟೆ. ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ತಿ ಹೆಸರು, ಪಹಣಿಯಲ್ಲಿರುವಂತೆ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಮತ್ತು ಊರು, ಇವನ್ನು ಒಂದು ಹಾಳೆಯಲ್ಲಿ ಬರೆದು ಒಂದು ಪ್ರತಿ ಅಲ್ಲಿ, ಒಂದು ಪ್ರತಿ ಇಲ್ಲಿ ಇರಿಸಿ. ಜಮಾಅತಿನ ನಿಕಾಹ್ ಪುಸ್ತಕದಲ್ಲಿ ಬರೆದದ್ದನ್ನು ಸರಕಾರದ ಪುಸ್ತಕದಲ್ಲೂ ಬರೆಸಿ.

ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ, ಟ್ರಂಕಿನಲ್ಲಿದ್ದ ಹಳೆಯ ಪಾಸ್‌ಪೋರ್ಟನ್ನೂ ಮರಣ ಪ್ರಮಾಣಪತ್ರವನ್ನೂ ಜೊತೆಗಿಟ್ಟು, ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಕೊಟ್ಟ ಮೇಲೆ ಪೌತಿ ಖಾತೆ ಆಯಿತು. ಸೂರಿನ ಕೆಲಸವೂ ನಡೆಯಿತು. ಆದರೂ ದೊಡ್ಡಮ್ಮ ಪ್ರತಿ ಸಲ ಕೇಳುವುದು ಬೇರೆಯೇ ವಿಷಯ. ಇಲ್ಲಿ ಮರಣದ ದಾಖಲೆ ತಿದ್ದುವ ಅಧಿಕಾರ ರಾಜ್ಯದ ಆರೋಗ್ಯ ಇಲಾಖೆಗಿದೆ. ಪುರಾವೆಗಳನ್ನು ಜೋಡಿಸಿ ಅಲ್ಲಿಗೆ ಅರ್ಜಿ ಕಳುಹಿಸಿದ್ದೇವೆ. 'ತಿಳಿದಿಲ್ಲ' ಎಂದಿರುವ ಆ ಎರಡು ಜಾಗದಲ್ಲಿ ತನ್ನ ಅಪ್ಪ ಅಮ್ಮನ ಹೆಸರು ಬಂದಿದೆಯೇ ಎಂದು ತಿಳಿಯಲು ಅವರು ನಮ್ಮ ಫೋನಿಗಾಗಿ ಕಾಯುತ್ತಿದ್ದಾರೆ.